ಹಗೇವಿನ ರೇಡಿಯೊ

ರೇಡಿಯೊ ಎಷ್ಟು ಭಾರ ಅನ್ನುವುದು ಎಕ್ಕಿಹಾಳದಲ್ಲಿ ಪಕ್ಕೀರವ್ವನ ನೆತ್ತಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆ ಅದು ಬಲು ಹಗುರ. ಓಬಳೆಪ್ಪಗೌಡರ ಪಡಸಾಲೆಯಲ್ಲಿ ಕಿವಿ ತಿರುವಿದರೆ ಮಾತಾಡುವ, ಸಾಕೆನಿಸಿದಾಗ ಸುಮ್ಮನಾಗುವ ಒಂದು ಮರದ ಪೆಟ್ಟಿಗೆ, ಅಷ್ಟೆ. ಆದರೆ ಆ ಪೆಟ್ಟಿಗೆಗೆ ಜೀವ ಎಲ್ಲಿಂದ ಬರಬೇಕು? ಅದು ಮಹಾಯುದ್ಧದ ಕಾಲ. ಎಕ್ಕಿಹಾಳದ ಮಾತಿರಲಿ, ರಸ್ತೆ ಮೇಲಿನ ಹಿಟ್ನಾಳಕ್ಕೂ ಕರೆಂಟಿನ ಕಂಬ ಬಂದಿರಲಿಲ್ಲ. ಹಾಗಾಗಿ ಪೆಟ್ಟಿಗೆಯ ಪಕ್ಕದಲ್ಲಿ ಲಾರಿಗೆ ಹಾಕುವಂಥ ಕರಿ ಬ್ಯಾಟರಿಯೊಂದು ಎಮ್ಮೆಕರುವಿನ ಹಾಗೆ ಕೂತಿರುತ್ತಿತ್ತು. ಕೆಲವು ದಿನ ಮಾತಾಡಿಸಿ ಆಮೇಲೆ ಅದರ ಉಸಿರು ಸಣ್ಣಗಾಗುತ್ತಿತ್ತು. ಆಗ ಅದನ್ನು ಕೊಪ್ಪಳಕ್ಕೆ ಒಯ್ದು, ಎಣ್ಣೆ ಎಂಜಿನ್ನಿನ ಹಿಟ್ಟಿನ ಗಿರಣಿಯಲ್ಲಿ ಮತ್ತೆ ತುಂಬಿಸಿಕೊಂಡು ಬರಬೇಕು.

ಮೊದಮೊದಲು ಗೌಡರು ಬ್ಯಾಟರಿಯನ್ನು ಚಕ್ಕಡಿಯಲ್ಲಿ ಕಳಿಸಿದರು. ಹಳ್ಳದ ದಾರಿಯಲ್ಲಿ ಚಕ್ಕಡಿ ಕುಣಿದು, ಬ್ಯಾಟರಿಯೊಳಗಿನ ತೇಜಾಬು, ಆ ಸುಡುವ ಆಸಿಡ್ಡು, ಚೆಲ್ಲಿ, ಚಕ್ಕಡಿ ಹೊಡೆಯುವವನ ಹೊಸ ಧೋತರ ಜರಡಿಯಾಯಿತು. ಮುಂದಿನ ಸಲ ಗೌಡರ ಆಳು ಗ್ಯಾನಪ್ಪ ಹೆಗಲ ಮೇಲೆ ಹೊತ್ತ. ಅವನ ಬೆನ್ನ ಮೇಲಿನ ಸುಟ್ಟ ಕಲೆ ಇನ್ನೂ ಹೋಗಿರಲಿಲ್ಲ. ಆಗ ಊರಿಗೆ ಪಕ್ಕೀರವ್ವ ನೆನಪಾದಳು. ಕೆಳಗಿನ ಓಣಿಯವಳು, ಕಟ್ಟಿಗೆ ಹೊರೆ ಹೊತ್ತು ಕೊಪ್ಪಳದಲ್ಲಿ ಮಾರುವವಳು. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ ಇಟ್ಟು ಬ್ಯಾಟರಿ ಏರಿಸಿಕೊಂಡರೆ ಹಳ್ಳ ಇಳಿದು ದಿನ್ನೆ ಹತ್ತಿದರೂ ಒಳಗಿನ ತೇಜಾಬು ಅಲುಗುತ್ತಿರಲಿಲ್ಲ. ಅಂದಿನಿಂದ ಅದು ಅವಳ ಕೆಲಸವಾಯಿತು.

ಪೆಟ್ಟಿಗೆ ಮಾತ್ರ ಹೈದರಾಬಾದ್ ಸರ್ಕಾರದ್ದು. ವರ್ಷದ ಲೈಸೆನ್ಸು ಮತ್ತು ಬ್ಯಾಟರಿಯ ಖರ್ಚು ಊರಿನವರದು ಎಂದು ಕರಾರಾಗಿತ್ತು. ಕೈಯಲ್ಲಿ ರೊಕ್ಕ ಆಡದ ಊರು ಅದು. ಅದಕ್ಕೆ ಸುಗ್ಗಿಯಲ್ಲಿ ಮನೆಮನೆಯಿಂದ ಜೋಳದ ಪಟ್ಟಿ ಎತ್ತಿದರು. ಚಾವಡಿಯ ಮುಂದೆ ಒಂದು ಹಗೇವು ಇತ್ತು. ನೆಲದೊಳಗೆ ಗಡಿಗೆಯಂತೆ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜ. ಗೌಡರ ಬಿಳಿಜೋಳವೂ ಪಕ್ಕೀರವ್ವ ಕೂಲಿಗೆ ಪಡೆದ ಕೆಂಜೋಳವೂ ಅದೇ ಬಾಯಿಯಿಂದ ಒಳಗೆ ಇಳಿದವು. ಬೇಕಾದಾಗ ಅಳೆದು ತೆಗೆದು, ಸಂತೆಯಲ್ಲಿ ಮಾರಿ, ರೇಡಿಯೊದ ಖರ್ಚು ತೂಗಿಸುತ್ತಿದ್ದರು. ಪೆಟ್ಟಿಗೆ ಮೊದಲು ಚಾವಡಿಯಲ್ಲೇ ಇತ್ತು. ಧೂಳು ಬೀಳುತ್ತದೆ, ಕಳ್ಳರು ಬರುತ್ತಾರೆ, ಹುಡುಗರು ಕಿವಿ ತಿರುವುತ್ತಾರೆ ಎಂದು ಒಂದೊಂದು ನೆವ ಹೇಳಿ ಗೌಡರು ಅದನ್ನು ತಮ್ಮ ಪಡಸಾಲೆಗೆ ಒಯ್ದಿದ್ದರು. ಕೆಳಗಿನ ಓಣಿಯವರು ಆ ಪಡಸಾಲೆ ಹತ್ತುವಂತಿರಲಿಲ್ಲ. ಹೆಂಗಸರಂತೂ ಅತ್ತ ಸುಳಿಯುವಂತೆಯೇ ಇರಲಿಲ್ಲ.

ಪಕ್ಕೀರವ್ವನಿಗೆ ಇದೇನೂ ದೊಡ್ಡ ದುಃಖವಾಗಿರಲಿಲ್ಲ. ಗೌಡರ ಪೆಟ್ಟಿಗೆಯೊಳಗೆ ಯಾರು ಕೂಗಿಕೊಂಡರೆ ತನಗೇನು? ಆ ಬುಧವಾರ ಬಳೆಗಾರ ಉಮರಸಾಬ ಬರುವ ತನಕ ಅವಳು ಹೀಗೇ ಅಂದುಕೊಂಡಿದ್ದಳು.

ಉಮರಸಾಬ ಬಳೆ ತರಲು ಆಗಾಗ ಹೈದರಾಬಾದಿಗೆ ಹೋಗುವವ. ಓಣಿಯ ಬಾಯಲ್ಲೇ ಕೂಗಿದ: "ಪಕ್ಕೀರವ್ವಾ! ಮೊದ್ಲ ಬಾಯಿ ಸಿಹಿ ಮಾಡು, ಆಮ್ಯಾಲ ಸುದ್ದಿ ಹೇಳ್ತೀನಿ!"

"ಬೆಲ್ಲ ಎಲ್ಲೈತ್ರಿ ಉಮರಸಾಬ್, ಯುದ್ಧದಾಗ ಎಲ್ಲಾ ತುಟ್ಟಿ ಆಗೈತಿ. ಸುದ್ದಿನ ಸಿಹಿ ಇದ್ರ ಹೇಳ್ರಿ, ಕಹಿ ಇದ್ರ ಬಳಿ ಸುದ್ದಾ ಕಟ್ಕೊಂಡು ಮುಂದಿನ ಓಣಿಗೆ ನಡೀರಿ."

"ನಿಮ್ಮಕ್ಕ ಸಿಕ್ಕಿದ್ಲವಾ. ಕಳಕಮ್ಮ."

ಪಕ್ಕೀರವ್ವನ ಕೈಯಲ್ಲಿದ್ದ ಕುಡುಗೋಲು ಅಲ್ಲೇ ನಿಂತಿತು. ಅಕ್ಕ ಕಳಕಮ್ಮ ಗಂಡನ ಜೊತೆ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಹೋದವಳು, ಆಮೇಲೆ ಊರ ಕಡೆ ತಿರುಗಿ ಬಂದಿರಲಿಲ್ಲ. ಅಕ್ಕ-ತಂಗಿ ಇಬ್ಬರೂ ಒಂದೇ ಬೀಸುಕಲ್ಲಿನ ಎರಡು ಕಡೆ ಕೂತು, ಒಂದೇ ಗೂಟ ಹಿಡಿದು, ಒಬ್ಬಳು ಎತ್ತಿದ ಪದವನ್ನು ಇನ್ನೊಬ್ಬಳು ಮುಗಿಸುತ್ತಾ ಬೆಳೆದವರು. ಅಕ್ಕ ಹೋದ ಮೇಲೆ ಪಕ್ಕೀರವ್ವ ಬೀಸುವುದನ್ನು ಬಿಟ್ಟಿರಲಿಲ್ಲ, ಹಾಡುವುದನ್ನು ಬಿಟ್ಟಿದ್ದಳು.

"ಹೆಂಗದಾಳ್ರಿ?"

"ಕರ್ರಗಾಗ್ಯಾಳ, ಬಾಯಿ ಮಾತ್ರ ಹಂಗ ಐತಿ. ರೇಡಿಯೊ ಕಚೇರ್‍ಯಾಗ ಹೊಸಾ ಖೋಲಿ ಕಟ್ಟಾಕ ಹತ್ಯಾರ. ಇಟ್ಟಂಗಿ ಹೊರೋವಾಗ ಪದಾ ಹಾಡಿದ್ಲಂತ. ಅಲ್ಲಿ ಕನ್ನಡದ ಮಾಸ್ತರೊಬ್ಬಾವ ಕಿಡಕ್ಯಾಗಿಂದ ಕೇಳಿ, ಇಟ್ಟಂಗಿ ಇಳಿಸಿ ಬಾ ಅಂದ್ನಂತ. ಶುಕ್ರವಾರ ದೀಪ ಹಚ್ಚೂ ಹೊತ್ತಿಗೆ ಹಾಡ್ತಾಳ. 'ತಂಗಿಗೆ ಹೇಳ್ರಿ, ಆಕಿ ಕೇಳ್ತಾಳಂತನ ನಾ ಹಾಡೋದು' ಅಂತ ಹೇಳಿ ಕಳಿಸ್ಯಾಳ."

ಅಷ್ಟು ಸಾಕಾಗಿತ್ತು. ಕುಡುಗೋಲು ಕಟ್ಟೆಯ ಮೇಲಿಟ್ಟ ಪಕ್ಕೀರವ್ವ ಸೆರಗು ಬಿಗಿದು ಸೀದಾ ಗೌಡರ ಮನೆಗೆ ನಡೆದಳು.

ಗೌಡರು ಪಡಸಾಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಪಕ್ಕೀರವ್ವ ಅಂಗಳದಲ್ಲೇ ನಿಂತಳು.

"ಗೌಡ್ರ, ಶುಕ್ರವಾರ ನಮ್ಮಕ್ಕ ರೇಡಿಯೊದಾಗ ಹಾಡ್ತಾಳಂತ್ರಿ."

"ಯಾರು? ಕಳಕಿ? ನಮ್ಮ ಹೊಲದಾಗ ಕಸ ತಗೀತಿದ್ಲಲ್ಲ, ಆಕಿ?"

"ಆಕೀನ ರೀ."

ಗೌಡರು ನಕ್ಕ ರಭಸಕ್ಕೆ ಎಲೆಯೇ ಕೈಯಿಂದ ಜಾರಿತು. "ಅಲ್ಲಿ ಪಗಾರ ತಗೊಳ್ಳೋ ಉಸ್ತಾದರು ಅದಾರವಾ, ಗಾನಾ ಹಾಡವರು ಅದಾರ. ಕಸ ತಗಿಯೋರನ್ನ ಯಾರು ಕರೀತಾರ?"

"ಕರದಾರ್‍ರಿ. ಅದಕ್ಕ ಆವತ್ತೊಂದಿನ ಪೆಟ್ಟಿಗಿ ಚಾವಡಿಗೆ ತರಸ್ರಿ. ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಕೇಳ್ತೀವಿ."

"ಚಾವಡಿಗೆ? ಧೂಳು ಕುಡದು ಸಾಯ್ತೈತಿ ಅದು. ಮತ್ತ ಆ ಕನ್ನಡದ ಹೊತ್ತಿನಾಗ ನಾವು ಬಂದ್ ಮಾಡಿ ಇಡ್ತೀವಿ. ಯುದ್ಧದ ಸುದ್ದಿಗೆ ಬ್ಯಾಟ್ರಿ ಉಳಸಬೇಕಲ್ಲ? ನೀ ಮೊದ್ಲ ಒಯ್ದು ತುಂಬಿಸ್ಕೊಂಡು ಬಾ, ನಿನ್ನೆಯಿಂದ ಬರೇ ಗೊರಗೊರ ಅನ್ನಾಕ ಹತ್ತೈತಿ."

"ತರೋದಂತೂ ತರ್ತೀನ್ರಿ. ಕೇಳಾಕ?"

"ತರೋದು ನಿನ್ನ ಕೆಲಸ," ಎಂದರು ಗೌಡರು ಎಲೆ ಮಡಿಚಿ ಬಾಯಿಗಿಟ್ಟುಕೊಳ್ಳುತ್ತಾ, "ಕೇಳೋದು ನಮ್ಮದು."

ಗ್ಯಾನಪ್ಪ ಬ್ಯಾಟರಿಯನ್ನು ಅಂಗಳಕ್ಕೆ ತಂದಿಟ್ಟ. ಪಕ್ಕೀರವ್ವ ಅದನ್ನು ತಲೆಗೇರಿಸಿಕೊಂಡು ಓಣಿಗೆ ಒಯ್ದಳು.

ಗುರುವಾರ ಬೆಳಗಿನ ಜಾವ ಅವಳ ಜೊತೆ ಪಕ್ಕದ ಮನೆಯ ಹುಸೇನಬೀ ಕೂಡ ಕಟ್ಟಿಗೆ ಹೊತ್ತು ಹೊರಟಳು. ದಾರಿಯುದ್ದಕ್ಕೂ ಪಕ್ಕೀರವ್ವ ಒಂದೇ ವಿಚಾರ ಮಥಿಸುತ್ತಿದ್ದಳು. ಕೆಳಗಿನ ಓಣಿಯ ಹೆಂಗಸರೆಲ್ಲ ರೇಡಿಯೊ ಬಗ್ಗೆ ಒಂದು ಮಾತು ಗಟ್ಟಿಯಾಗಿ ನಂಬಿದ್ದರು: ಮಾತು, ಹಾಡು ಎಲ್ಲ ಇರುವುದು ಬ್ಯಾಟರಿಯಲ್ಲಿ. ಗಿರಣಿಯಲ್ಲಿ ಏನು ತುಂಬುತ್ತಾರೋ ಅದು ಊರಲ್ಲಿ ಹೊರಗೆ ಬರುತ್ತದೆ. ತುಂಬಿ ತಂದ ದಿನ ಜೋರು ಮಾತು, ಬರಬರುತ್ತಾ ಸಣ್ಣ ಮಾತು, ಆಮೇಲೆ ಖಾಲಿ. ಕೊಡದ ನೀರಿಗೂ ಇದಕ್ಕೂ ಏನು ಫರಕು?

"ತಪ್ಪು ಬರೇ ಗೌಡಂದಲ್ಲಬೇ ಹುಸೇನಬೀ," ಎಂದಳು ಪಕ್ಕೀರವ್ವ ಕತ್ತು ಅಲುಗಿಸದೆ. "ಗಿರಣ್ಯಾಗ ತುಂಬೋ ಮರ್ದಾನಸಾಬಂದೂ ಐತಿ. ಬರೇ ಉರ್ದು ತುಂಬಿ ಕಳಸ್ತಾನ. ಅದು ನಿಮ್ಮ ಮಂದಿ ಮಾತು ನೋಡು, ಅದಕ್ಕ."

"ಯವ್ವಾ, ಅದು ನಮ್ಮ ಮಾತಲ್ಲಬೇ! ನಾ ಗೌಡ್ರ ಹಿತ್ತಲದಾಗ ಒಮ್ಮೆ ನಿಂತು ಕೇಳೀನಿ. ಅದು ದರಬಾರದ ಉರ್ದು. ನಮ್ಮ ಮನ್ಯಾಗ ಹಂಗ ಮಾತಾಡಿದ್ರ ನಮ್ಮತ್ತಿ ದೆವ್ವ ಬಡದೈತಿ ಅಂತ ತಾಯಿತ ಕಟ್ಟಿಸ್ತಿದ್ಲು."

ಗಿರಣಿಯ ಎಂಜಿನ್ನು ಢಗ್ ಢಗ್ ಎನ್ನುತ್ತಿತ್ತು. ಮರ್ದಾನಸಾಬನ ಹುಬ್ಬಿನವರೆಗೂ ಹಿಟ್ಟು ಹತ್ತಿತ್ತು. ಪಕ್ಕೀರವ್ವ ಬ್ಯಾಟರಿ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದಳು: "ಈ ಸಲ ಕನ್ನಡ ತುಂಬ್ರಿ."

"ಏನಂದಿ?"

"ಕನ್ನಡ ರೀ! ಉರ್ದು ತಳದಾಗ ಒಂಚೂರು ಇದ್ರ ಇರಲಿ, ಗೌಡನ ಪಾಲಿಗೆ. ಮ್ಯಾಲೆಲ್ಲಾ ಕನ್ನಡ ಇರಲಿ. ನಮ್ಮಕ್ಕನ ಪದ ತಪ್ಪದಂಗ ಹಾಕ್ರಿ, ಕಳಕಮ್ಮ ಅಂತ ಆಕಿ ಹೆಸರು."

ಮರ್ದಾನಸಾಬ ನಗಲು ಬಾಯಿ ತೆರೆದ. ಪಕ್ಕೀರವ್ವನ ಮುಖ ನೋಡಿ, ತೆರೆದ ಬಾಯಿಯನ್ನು ಹಾಗೇ ಹಿಡಿದ. ಹಿಟ್ಟು ಒಳಗೆ ಹೋಗಿ ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಕಾಳಿನ ಚೀಲ ತೋರಿಸಿ ಇಬ್ಬರನ್ನೂ ಕೂಡ್ರಿಸಿದ.

"ತಂಗೆವ್ವ, ನಾ ಇದಕ್ಕ ತುಂಬೋದು ಬರೇ ಕಸುವು. ಕೂಲಿಗೆ ಹೋಗೋ ಮನಿಷ್ಯಾಗ ರೊಟ್ಟಿ ಉಣಿಸಿದಂಗ. ಮಾತು ಬರೋದು ಗಾಳ್ಯಾಗ, ಹೈದರಾಬಾದಿನಿಂದ. ನನ್ನ ಹೆಣ್ತಿ ತಂಗಿ ಗಂಡ ಅಲ್ಲಿ ರೇಡಿಯೊ ಕಚೇರ್‍ಯಾಗ ಚಪರಾಶಿ ಅದಾನ, ನಾ ಹೋಗಿ ಕಣ್ಣಾರೆ ನೋಡಿ ಬಂದೀನಿ. ಎಲ್ಲಾರ ಮ್ಯಾಲ ಒಬ್ಬ ದೊಡ್ಡ ಸಾಹೇಬ. ಅವನ ಕೆಳಗ ಎಂಜಿನ್ನು ನೋಡವರು ಒಂದು ಕಡಿ, ಮಾತು-ಹಾಡು ನೋಡವರು ಇನ್ನೊಂದು ಕಡಿ. ಉರ್ದುಕ್ಕ ಒಂದು ದಂಡ ಐತಿ. ತೆಲುಗು, ಮರಾಠಿಗೆ ಅಷ್ಟಿಷ್ಟು ಮಂದಿ. ಕನ್ನಡಕ್ಕ ಒಬ್ಬಾವ. ಅವನ ಬರೀತಾನ, ಅವನ ಓದ್ತಾನ, ಹಾಡೋರಿಗೆ ಚಾ ಸುದ್ದಾ ಅವನ ತರ್ತಾನ."

"ಪಾಪ," ಎಂದಳು ಹುಸೇನಬೀ.

"ಇವರಿಗೆಲ್ಲಾ ಪಗಾರ ಯಾರು ಕೊಡ್ತಾರ್‍ರಿ?" ಎಂದಳು ಪಕ್ಕೀರವ್ವ.

"ಖಜಾನಿಯಿಂದ ಒಂದಿಷ್ಟು ಬರ್ತೈತಿ. ಮತ್ತ ಪೆಟ್ಟಿಗಿ ಇಟ್ಟವರೆಲ್ಲಾ ವರ್ಷಾ ಲೈಸೆನ್ಸ್ ಕಟ್ಟತಾರಲ್ಲ, ಅದು. ನಿಮ್ಮೂರಿನ ಲೈಸೆನ್ಸ್ ಯಾರು ಕಟ್ಟತೀರಿ?"

"ಹಗೇವು ಕಟ್ಟತೈತ್ರಿ."

"ಅಂದ್ರ ನೀನ."

ಪಕ್ಕೀರವ್ವ ಗಿರಣಿಯ ಕಲ್ಲಿನ ಕಡೆ ತಿರುಗಿದಳು. ಕಲ್ಲಿನ ಬಾಯಿಯಿಂದ ಹಿಟ್ಟು ಸುರಿಯುತ್ತಲೇ ಇತ್ತು.

"ಹಂಗಾರ ಆ ಉಸ್ತಾದರು ನನ್ನ ಜ್ವಾಳದ ರೊಟ್ಟಿ ತಿಂದು ಹಾಡ್ತಾರ?"

"ಒಂದು ತುತ್ತರ ನಿಂದು ಇರ್ತೈತಿ."

"ಖಜಾನಿಗೆ ಎಲ್ಲಿಂದ ಬರ್ತೈತ್ರಿ?"

"ಕಂದಾಯ, ಕರ, ಸುಂಕ... ಅದೂ ನಿಮ್ಮಿಂದನ."

"ಯವ್ವಾ!" ಎಂದು ಪಕ್ಕೀರವ್ವ ಎದ್ದೇಬಿಟ್ಟಳು. "ಹಂಗಾರ ಇದು ಗೌಡನ ಪೆಟ್ಟಿಗಿ ಹೆಂಗಾತ್ರಿ?"

"ಆಗೂದ ಇಲ್ಲ. ಚಾವಡ್ಯಾಗ ಇಡಬೇಕು, ಊರಿಗೆಲ್ಲಾ ಕೇಳಬೇಕು ಅಂತನ ಸರ್ಕಾರ ಕೊಟ್ಟೈತಿ. ಪೆಟ್ಟಿಗಿ ಬಂದ ದಿನ ಚಾವಡಿ ಮುಂದಿನ ಬೇವಿನ ಗಿಡಕ್ಕ ತಂತಿ ಎಳದಾವ ನಾನ ಅಲ್ಲೇನು?"

ಆ ರಾತ್ರಿ ಅವರು ಹುಸೇನಬೀಯ ತಂಗಿ ಜೈನಾಬೀಯ ಮನೆಯಲ್ಲಿ ಉಳಿದರು. ಶುಕ್ರವಾರ ಬ್ಯಾಟರಿ ತಲೆಗೇರಿಸಿಕೊಂಡು ಪಕ್ಕೀರವ್ವ ಊರಿನ ದಾರಿ ಹಿಡಿದಾಗ, ಹುಸೇನಬೀ ಹೆಜ್ಜೆ ಸರಿಗಟ್ಟಲಾಗದೆ ಓಡುತ್ತಾ ಬಂದಳು. "ನಿಂದರಬೇ! ಮದುವಿ ಮನಿಗೆ ಹೊಂಟಂಗ ಹೊಂಟೀಯಲ್ಲ!"

"ಮದುವಿ ಅಲ್ಲಬೇ, ಜಗಳಕ್ಕ ಹೊಂಟೀನಿ. ಜಗಳಕ್ಕ ತಡಾ ಮಾಡಬಾರದು."

ಎಕ್ಕಿಹಾಳ ಮುಟ್ಟಿದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಗೌಡರ ಮನೆಯ ಕಡೆ ತಿರುಗಬೇಕಾದ ಸಂದಿಯಲ್ಲಿ ಪಕ್ಕೀರವ್ವ ತಿರುಗಲಿಲ್ಲ. ಸೀದಾ ಚಾವಡಿಯ ಕಟ್ಟೆಗೆ ಹೋಗಿ, ಬ್ಯಾಟರಿಯನ್ನು ನಟ್ಟನಡುವೆ ಇಳಿಸಿ, ಅದರ ಪಕ್ಕದಲ್ಲೇ ಕಾಲು ಚಾಚಿ ಕೂತಳು. ಹೆಂಗಸೊಬ್ಬಳು ಆ ಕಟ್ಟೆ ಹತ್ತಿದ್ದನ್ನು ಊರು ಕಂಡದ್ದು ಅದೇ ಮೊದಲು. ಅಲ್ಲೇ ಬೀಡಿ ಸೇದುತ್ತಾ ಕೂತಿದ್ದವರು ಬೀಡಿ ಮರೆತರು. ಹುಸೇನಬೀ ಓಣಿಗೆ ಹೋಗಿ, ಒಲೆ ಆರಿಸಿ ಬರ್ರಿ ಎಂದು ಹೆಂಗಸರನ್ನೆಲ್ಲ ಎಬ್ಬಿಸಿದಳು.

ಮೊದಲು ಬಂದವನು ಗ್ಯಾನಪ್ಪ. "ಏ ಪಕ್ಕೀರಿ, ಅಲ್ಯಾಕ ಕುಂತಿ? ಗೌಡ್ರು ಕಾಯಾಕ ಹತ್ಯಾರ. ಬ್ಯಾಟ್ರಿ ಕೊಡು."

"ಪೆಟ್ಟಿಗಿ ತಗೊಂಬಾ."

"ಏನು?"

"ಬ್ಯಾಟ್ರಿ ಬಂದೈತಿ, ಪೆಟ್ಟಿಗಿ ಬರಬೇಕು. ಹೇಳು ಹೋಗು."

ಗ್ಯಾನಪ್ಪ ಬ್ಯಾಟರಿಗೆ ಕೈ ಹಾಕಿದ. ಪಕ್ಕೀರವ್ವ ಅದರ ಒಂದು ಮಗ್ಗುಲನ್ನು ಬೆರಳಿಂದ ಸ್ವಲ್ಪ ಎತ್ತಿದಳು. "ಹಿಡಿ, ಹಿಡಿ. ಬೆನ್ನು ಸುಡಿಸ್ಕೊಂಡಿದ್ದಿ, ಈ ಸಲ ಹೊಟ್ಟಿ ಸುಡಲಿ." ಗ್ಯಾನಪ್ಪನ ಕೈ ತಾನಾಗಿಯೇ ಬೆನ್ನ ಕಡೆ ಹೋಯಿತು. ಹೆಂಗಸರು ಕಿಸಕ್ಕನೆ ನಕ್ಕರು.

ಸ್ವಲ್ಪ ಹೊತ್ತಿಗೆ ಗೌಡರೇ ಬಂದರು. ಅವರ ಹಿಂದೆ ದಿನಾ ಯುದ್ಧದ ಸುದ್ದಿ ಕೇಳಲು ಬರುತ್ತಿದ್ದ ಗಂಡಸರು ಬಂದರು. ಬೇವಿನ ಗಿಡದ ನೆರಳು ಹಗೇವಿನ ಕಲ್ಲು ದಾಟಿ ಉದ್ದ ಚಾಚಿತ್ತು.

"ಇಳೀಬೇ ಕೆಳಗ," ಎಂದರು ಗೌಡರು.

"ಪೆಟ್ಟಿಗಿ ಬಂದ ಮ್ಯಾಲ ಇಳೀತೀನ್ರಿ."

"ಸೊಕ್ಕು ಬಂತೇನು? ನಮ್ಮ ಬದುವಿನ ಜಾಲಿ ಕಡದು ಮಾರಿ ಹೊಟ್ಟಿ ಹೊರಿಯೋಳು ನೀನು. ನಾಳಿಗೆ ಆ ಬದುವಿಗೆ ಕಾಲಿಟ್ರ ನೋಡು."

"ಇಡಂಗಿಲ್ರಿ. ಕಟ್ಟಿಗಿ ಅಂಜನಾದ್ರಿ ಗುಡ್ಡದ ಕಡಿಗೂ ಐತಿ. ದೂರ ಆದ್ರ ಆತು, ನನ್ನ ಕಾಲು ಗಟ್ಟಿ ಅದಾವ."

"ಸರ್ಕಾರ ಪೆಟ್ಟಿಗಿ ನನ್ನ ಸುಪರ್ದಿಗೆ ಕೊಟ್ಟೈತಿ!"

"ನಿಮ್ಮ ಸುಪರ್ದಿಗೆ ಚಾವಡಿನೂ ಕೊಟ್ಟೈತಿ, ಅದನ್ನೇನು ಮನಿಗೆ ಒಯ್ದೀರೇನ್ರಿ? ಊರು ಕೇಳಲಿ ಅಂತ ಕೊಟ್ಟದ್ದು ಅದು."

ಗಂಡಸರಲ್ಲಿ ಯಾರೋ ಮೆಲ್ಲಗೆ ನಕ್ಕರು. ಗೌಡರಿಗೆ ಅದು ಕೇಳಿಸಿತು. ಅವರ ದನಿ ಏರಿತು. "ಕೇಳೋ ಹಕ್ಕು ಕೊಟ್ಟವರಿಗೆ ಇರ್ತೈತಿ. ಎಷ್ಟು ಚೀಲ ಹಾಕ್ದಿ ನೀ ಹಗೇವಿಗೆ? ಒಂದು ಸೇರು ಕೆಂಜ್ವಾಳ! ನಾ ಹಾಕಿದ್ದು ಎಷ್ಟು ಗೊತ್ತೈತೇನು?"

"ಹಂಗಾರ ನನ್ನ ಸೇರು ನನಗ ತಿರುಗಿ ಕೊಡ್ರಿ," ಎಂದಳು ಪಕ್ಕೀರವ್ವ. "ಈಗ ಹಗೇವು ತಗೀಸ್ರಿ. ನಾ ಹಾಕಿದ ಕಾಳು ನನಗ ಕೊಡ್ರಿ, ಬ್ಯಾಟ್ರಿ ನಿಮ್ಮ ಪಡಸಾಲಿಗೆ ನಾನ ಹೊತ್ತು ಇಟ್ಟು ಬರ್ತೀನಿ. ಇನ್ನೊಮ್ಮೆ ರೇಡಿಯೊದ ಹೆಸರೆತ್ತಂಗಿಲ್ಲ."

"ಹಾಂ, ಕೊಡಸ್ತೀನಿ! ಗ್ಯಾನಪ್ಪಾ, ಸೇರು ತಾ. ಒಂದಲ್ಲ, ಎರಡು ಸೇರು ಅಳದು ಒಗಿ ಈಕಿ ಉಡ್ಯಾಗ."

"ಎರಡು ಬ್ಯಾಡ್ರಿ. ಬ್ಯಾರೆಯವರ ಕಾಳೂ ಬ್ಯಾಡ. ನಾ ಹಾಕಿದ್ದ ಬೇಕು. ನನ್ನ ಕಾಳು ಆರಿಸಿ ಕೊಡ್ರಿ."

ಗೌಡರು ಹಗೇವಿನ ಕಲ್ಲಿನ ಕಡೆ ನೋಡಿದರು. ಕೆಂಜೋಳ ಹಾಕಿದ ಮನೆ ಓಣಿಯಲ್ಲಿ ಎಷ್ಟೋ, ಹಗೇವಿನಲ್ಲಿ ಯಾರದು ಯಾವ ಕಾಳು? ಸುರಿದ ದಿನವೇ ಎಲ್ಲ ಕಲೆತುಹೋಗಿತ್ತು. ಇಡೀ ಊರು ಕೂತು ಮಳೆಗಾಲ ಕಳೆಯುವ ತನಕ ಆರಿಸಿದರೂ ಪಕ್ಕೀರವ್ವನ ಸೇರು ಬೇರೆಯಾಗುವಂತಿರಲಿಲ್ಲ.

"ಹುಚ್ಚಿ, ಅದು ಹೆಂಗ ಆಗ್ತೈತಿ? ಕೂಡಿ ಹೋಗೇತಲ್ಲ!"

"ಕೂಡಿ ಹೋಗೇತಿ ಅಲ್ರಿ?" ಪಕ್ಕೀರವ್ವ ಎದ್ದು ನಿಂತಳು. "ಕಾಳು ಕೂಡಿದ ಮ್ಯಾಲ ಪೆಟ್ಟಿಗಿನೂ ಕೂಡಿತು. ನಿಮ್ಮದಷ್ಟ ಬ್ಯಾರೆ ತಗದು ಪಡಸಾಲ್ಯಾಗ ಹೆಂಗ ಇಟ್ಕೋತೀರಿ? ನನ್ನ ಕಾಳು ಆರಿಸಾಕ ಬರಂಗಿಲ್ಲಂದ್ರ ನನ್ನನ್ನೂ ಆರಿಸಿ ಹೊರಗ ನಿಂದರಿಸಾಕ ಬರಂಗಿಲ್ಲ!"

ಗಂಡಸರ ನಡುವಿನಿಂದ ದ್ಯಾವಪ್ಪ ಕೆಮ್ಮಿದ. ಮಗ ದಂಡಿಗೆ ಸೇರಿ ಎಲ್ಲೋ ದೂರ ಹೋಗಿದ್ದ ಮುದುಕ ಅವನು. ಯುದ್ಧದ ಸುದ್ದಿಗೆಂದು ಪ್ರತಿ ಸಂಜೆ ಗೌಡರ ಮೆಟ್ಟಿಲ ಕೆಳಗೆ ನಿಂತು, ಒಳಗಿನ ಉರ್ದು ಯಾರಾದರೂ ಬಿಡಿಸಿ ಹೇಳಲಿ ಎಂದು ಕಾಯುತ್ತಿದ್ದ. "ಆಕಿ ಹೇಳೋದು ಖರೇ ಐತ್ರಿ ಗೌಡ್ರ," ಎಂದ. "ನನ್ನ ಕಾಳೂ ಅದರಾಗ ಐತಿ. ನನ್ನ ಮಗನ ಸುದ್ದಿ ನಾ ಮೆಟ್ಟಲ ಕೆಳಗ ನಿಂತು ಕೇಳಾಕ ಹತ್ತೀನಿ. ತರಸ್ರಿ ಹೊರಗ."

"ತರಸ್ರಿ," ಎಂದ ಇನ್ನೊಬ್ಬ. "ಹೊತ್ತು ಮುಳಗಾಕ ಬಂತು, ತರಸ್ರಿ!" ಎಂದು ಹೆಂಗಸರೆಲ್ಲ ಒಮ್ಮೆಲೇ ಕೂಗಿದರು.

ಗೌಡರು ಸುತ್ತ ನೋಡಿದರು. ತಮ್ಮ ಕಡೆ ಗ್ಯಾನಪ್ಪ ಒಬ್ಬನೇ ಇದ್ದ, ಅವನೂ ಬ್ಯಾಟರಿಯಿಂದ ಮಾರುದೂರ ಸರಿದಿದ್ದ. "ತಾರಲೇ," ಎಂದರು ಅವನಿಗೆ. "ಇವರ ಹಣೇಬರಹ. ಧೂಳು ಕುಡದು ಕೆಟ್ರ ಊರ ಹೊಣಿ."

ಪೆಟ್ಟಿಗೆ ಬಂತು, ಆದರೆ ಮಾತಾಡಲಿಲ್ಲ. ಮರ್ದಾನಸಾಬ ಬೇವಿನ ಗಿಡಕ್ಕೆ ಎಳೆದಿದ್ದ ತಂತಿಯನ್ನು ಗೌಡರು ಬಿಚ್ಚಿಸಿ ತಮ್ಮ ಮಾಳಿಗೆಗೆ ಕಟ್ಟಿಸಿದ್ದರಲ್ಲ! ಗ್ಯಾನಪ್ಪ ಮಾಳಿಗೆ ಹತ್ತಿ ತಂತಿ ಬಿಚ್ಚಿದ, ಗಿಡ ಹತ್ತಿ ಕಟ್ಟಿದ. ಕೆಳಗಿಂದ ಹೆಂಗಸರು "ಬಲಕ್ಕೆಳಿಯೋ, ಏ ಎಡಕ್ಕ, ಬಿದ್ದಿ ನೋಡು ಗೂಳಿ" ಎಂದು ಬುದ್ಧಿ ಹೇಳಿದರು. ಸೂರ್ಯ ಮುಳುಗೇಬಿಟ್ಟ. ಯಾರದೋ ಮನೆಯಲ್ಲಿ ದೀಪ ಹಚ್ಚಿದರು. ಪಕ್ಕೀರವ್ವ ಆ ದೀಪ ನೋಡಿ ಹಲ್ಲು ಕಚ್ಚಿದಳು. ಅಕ್ಕ ಈಗಾಗಲೇ ಶುರು ಮಾಡಿರಬೇಕು. ಅಲ್ಲಿ ಅವಳು ಹಾಡುತ್ತಿದ್ದಾಳೆ, ಇಲ್ಲಿ ಈ ಮನುಷ್ಯ ಗಿಡದ ಮೇಲೆ ಗಂಟು ಹಾಕುತ್ತಿದ್ದಾನೆ.

"ಹಚ್ರಿ!" ಎಂದು ಗ್ಯಾನಪ್ಪ ಮೇಲಿಂದ ಕೂಗಿದ.

ಗೌಡರು ಕಿವಿ ತಿರುವಿದರು. ಗೊರಗೊರ, ಸುಯ್, ಮತ್ತೆ ಗೊರಗೊರ. ಆಮೇಲೆ ಬಾವಿಯ ತಳದಿಂದ ಬಂದ ಹಾಗೆ ಹೆಣ್ಣುದನಿಯೊಂದು ಎದ್ದಿತು.

ಪಕ್ಕೀರವ್ವನಿಗೆ ಗುರುತು ಹತ್ತಲಿಲ್ಲ. ಇಷ್ಟು ಸಣ್ಣ ದನಿ ಅಕ್ಕನದಲ್ಲ, ಅಕ್ಕ ಹಾಡಿದರೆ ಓಣಿಯ ನಾಯಿ ಏಳುತ್ತಿದ್ದವು. ಬೇರೆ ಯಾರೋ ಹಾಡುತ್ತಿದ್ದಾರೆ, ಅಕ್ಕನ ಸರದಿ ಮುಗಿದೇಹೋಯಿತು ಎಂದುಕೊಳ್ಳುವಷ್ಟರಲ್ಲಿ, ಸಾಲಿನ ನಡುವೆ ಹುಂ ಎನ್ನುವ ಒಂದು ಉಸಿರು ಕೇಳಿಸಿತು. ಭಾರದ ಕಲ್ಲನ್ನು ತನ್ನ ಕಡೆಗೆ ಎಳೆದುಕೊಳ್ಳುವಾಗ ಕಳಕಮ್ಮ ಬಿಡುತ್ತಿದ್ದ ಉಸಿರು. ಎದುರಿಗೆ ಕಲ್ಲಿಲ್ಲದಿದ್ದರೂ ಅವಳು ಕಲ್ಲು ಎಳೆಯುತ್ತಲೇ ಹಾಡುತ್ತಿದ್ದಳು.

"ನಮ್ಮಕ್ಕ!" ಎಂದಳು ಪಕ್ಕೀರವ್ವ. "ಸುಮ್ಮನಿರ್‍ರಿ ಎಲ್ಲಾರೂ, ನಮ್ಮಕ್ಕ!"

ಎಕ್ಕಿಹಾಳದ ಕಲ್ಲು ಎತ್ತ ಹೋದರು ಸಿಗಲಿಲ್ಲ
ದಿಕ್ಕಿಲ್ಲಂತ ನಾ ಅಳಲಿಲ್ಲ, ತಂಗೆವ್ವ...

ಊರಿನ ಹೆಸರು ಪೆಟ್ಟಿಗೆಯ ಬಾಯಲ್ಲಿ ಬಂದದ್ದು ಕೇಳಿ ಜನ ಬೆಚ್ಚಿದರು. ದ್ಯಾವಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಮೂರನೆಯ ಸಾಲಿಗೆ ಎಲ್ಲರೂ ಉಸಿರು ಹಿಡಿದರು. ಬೀಸುವ ಪದಕ್ಕೆ ಮೂರನೆಯ ಸಾಲಿಲ್ಲದಿದ್ದರೆ ಕಲ್ಲು ಅರ್ಧ ಸುತ್ತಿಗೆ ನಿಂತ ಹಾಗೆ.

ಮೂರನೆಯ ಸಾಲು ಬರಲಿಲ್ಲ. ಟಣ್ ಎಂದು ಒಂದು ಗಂಟೆ ಬಾರಿಸಿತು. ಗಂಡಸೊಬ್ಬ ಅವಸರದಲ್ಲಿ, ಇಲ್ಲಿಗೆ ಕನ್ನಡದ ಹೊತ್ತು ಮುಗಿಯಿತು ಎಂದ. ಅದರ ಬೆನ್ನಿಗೇ ಇನ್ನೊಬ್ಬ ಉರ್ದುವಿನಲ್ಲಿ ಸಾವಕಾಶವಾಗಿ, ಹಾಸಿಗೆ ಹಾಸಿಕೊಂಡು ಕೂತವನ ಹಾಗೆ, ಮಾತು ಶುರು ಮಾಡಿದ.

"ಏ! ಯಾಕ ನಿಲ್ಲಿಸ್ದಿ?" ಪಕ್ಕೀರವ್ವ ಪೆಟ್ಟಿಗೆಯ ಮೇಲೆ ಗುದ್ದಲು ಕೈಯೆತ್ತಿದಳು. ಹುಸೇನಬೀ ಕೈ ಹಿಡಿದಳು. "ಗೌಡ್ರ, ಯಾಕ ತಿರುವಿದ್ರಿ?"

"ನಾ ಕೈ ಹಚ್ಚಿಲ್ಲವಾ, ಆಣಿಗೂ!" ಎಂದರು ಗೌಡರು. ಅವರ ಮುಖ ಕೆಂಪಾಗಿತ್ತು. "ಅಲ್ಲಿ ಕಡದ್ರು. ಎಂಥಾ ಮಂದಿಯಪ್ಪಾ, ಊರ ಹೆಸರು ಹೇಳಿ ಪದಾ ಹಾಡಾಕಿನ್ನ ಅರ್ಧಕ್ಕ ಕಡೀತಾರ? ನಮ್ಮೂರ ಹೆಣ್ಮಗಳ ಪದಕ್ಕ ಇವರ ಹತ್ರ ಒಂದು ಸಾಲಿನ ಜಾಗಾ ಇಲ್ಲ?"

ಇಲ್ಲಿಯವರೆಗೂ ಕಸ ತೆಗೆಯುವ ಕಳಕಿಯಾಗಿದ್ದವಳು ಈಗ ನಮ್ಮೂರ ಹೆಣ್ಣುಮಗಳಾಗಿದ್ದು ಪಕ್ಕೀರವ್ವನ ಕಿವಿಗೆ ಬಿತ್ತು. ಅದನ್ನು ಅವಳು ಕೆದಕಲಿಲ್ಲ. ಆ ಜಗಳ ಮುಗಿದಿತ್ತು, ಮುಂದಿನದು ಶುರುವಾಗಿತ್ತು.

"ಉಮರಸಾಬ್!" ಎಂದು ಕೂಗಿದಳು. ಬಳೆಗಾರ ಗುಂಪಿನ ಹಿಂದೆ ನಿಂತಿದ್ದ. "ಹೈದರಾಬಾದಿಗೆ ಯಾವಾಗ ಹೊಂಟೀರಿ?"

"ಬರೋ ವಾರ ಹೋಗ್ತೀನವಾ."

"ಆ ಕನ್ನಡದ ಮಾಸ್ತರನ್ನ ಹಿಡೀರಿ. ಅವ ಒಬ್ಬಾವ ಅದಾನ, ಪಾಪ, ಅವನ್ನ ಬೈಬ್ಯಾಡ್ರಿ. ಅವನ ಮ್ಯಾಲಿನ ಸಾಹೇಬಗ ಹೇಳ್ರಿ: ಎಕ್ಕಿಹಾಳದವರು ಅರ್ಧಾ ಪದಕ್ಕ ಅರ್ಧಾ ಜ್ವಾಳ ಹಾಕ್ತಾರಂತ. ಪದಾ ಪೂರಾ ಆದ್ರ ಹಗೇವು ಪೂರಾ."

"ಲೈಸೆನ್ಸ್ ಪೂರಾ ಕಟ್ಟಲಿಲ್ಲಂದ್ರ ಪೆಟ್ಟಿಗಿ ಒಯ್ತಾರಬೇ," ಎಂದ ದ್ಯಾವಪ್ಪ ಅಂಜುತ್ತಾ.

"ಬರಲಿ ಒಯ್ಯಾಕ. ಬಂದಾಗ ಎದುರಿಗೆ ಕೂಡ್ರಿಸಿ ಕೇಳೂಣು. ಇಷ್ಟು ದಿನಾ ಅವರು ಮಾತಾಡ್ಯಾರ, ನಾವು ಕೇಳೀವಿ. ಒಂದು ದಿನಾ ನಾವು ಮಾತಾಡೂಣು, ಅವರು ಕೇಳಲಿ."

ಜನ ಗದ್ದಲವೆಬ್ಬಿಸಿದರು. ಯಾರೋ ಕನ್ನಡಕ್ಕೆ ವಾರಕ್ಕೆ ಎರಡು ಸಂಜೆ ಬೇಕೆಂದರು. ಇನ್ನೊಬ್ಬರು ಯುದ್ಧದ ಸುದ್ದಿಯನ್ನೂ ಕನ್ನಡದಲ್ಲೇ ಹೇಳಬೇಕೆಂದರು. ಹುಸೇನಬೀ ಎದ್ದು, ಉರ್ದು ಹೇಳಿದರೂ ತನ್ನ ಅತ್ತೆಗೆ ತಿಳಿಯುವಂಥ ಉರ್ದು ಹೇಳಬೇಕೆಂದಳು. ಗೌಡರು ಯಾವ ಮಾತು ಮೊದಲು ಹೇಳಿಸಬೇಕೆಂದು ಉಮರಸಾಬನ ರೆಟ್ಟೆ ಹಿಡಿದು ವಿವರಿಸತೊಡಗಿದರು.

ಪಕ್ಕೀರವ್ವ ಬ್ಯಾಟರಿಯ ತಂತಿಗಳನ್ನು ಬಿಚ್ಚಿದಳು. ಸಿಂಬಿ ತಲೆಯ ಮೇಲಿಟ್ಟು ಬ್ಯಾಟರಿ ಎತ್ತಿಕೊಂಡಳು.

"ಅದನ್ನ ಎಲ್ಲಿಗೆ ಒಯ್ತಿ?" ಎಂದರು ಗೌಡರು.

"ನಮ್ಮನಿಗೆ ರೀ. ದಿನಾ ಸಂಜಿಕ ಚಾವಡಿಗೆ ತರ್ತೀನಿ, ಎಲ್ಲಾರೂ ಕೇಳಿದ ಮ್ಯಾಲ ಒಯ್ತೀನಿ. ಪೆಟ್ಟಿಗಿ ಇಲ್ಲೇ ಇರಲಿ."

ಗ್ಯಾನಪ್ಪ ಪೆಟ್ಟಿಗೆಗೆ ಕೈ ಹಾಕಿ ಗೌಡರ ಮುಖ ನೋಡಿದ. ಗೌಡರು ಕಟ್ಟೆಯ ತುಂಬ ಕೂತ ಮಂದಿಯನ್ನು ನೋಡಿದರು. ಒಬ್ಬರೂ ಏಳುವ ಹವಣಿಕೆಯಲ್ಲಿರಲಿಲ್ಲ.

"ಇರಲಿ ಬಿಡು," ಎಂದರು ಕೊನೆಗೆ. "ಮ್ಯಾಲ ಒಂದು ಗೋಣಿ ಹೊಚ್ಚು. ಮಂಜು ಬೀಳ್ತೈತಿ."

"ಗೋಣಿಯಾಗ ಧೂಳು ಇರ್ತೈತ್ರಿ," ಎಂದಳು ಪಕ್ಕೀರವ್ವ, ಓಣಿಯ ಕಡೆ ಹೆಜ್ಜೆ ಹಾಕುತ್ತಲೇ. "ನಿಮ್ಮನಿ ಕಂಬಳಿ ತರಸ್ರಿ."